ಬಸುರಿಯರ ಒಂದು ಪುಟ್ಟ ಗುಂಪು: ಕಟ್ಟುವುದು ಹೇಗೆ, ನಡೆಸುವುದು ಹೇಗೆ

ಬಸುರಿಗೆ ಸಲಹೆಯ ಬರ ಯಾವತ್ತೂ ಇರುವುದಿಲ್ಲ. ಹೊಟ್ಟೆ ಕಾಣಿಸಿಕೊಂಡರೆ ಸಾಕು, ಗುರುತಿಲ್ಲದವರೂ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ಬರ ಇರುವುದು ಜೊತೆಗೆ. ರಾತ್ರಿ ಎರಡು ಗಂಟೆಗೆ ಎದೆಯುರಿ ತಾಳಲಾರದೆ ಎದ್ದು ಕೂತಾಗ, "ನಂಗೂ ಇವತ್ತು ನಿದ್ದೆ ಇಲ್ಲ ಕಣೇ" ಎನ್ನುವ ಇನ್ನೊಬ್ಬಳು ಸಿಕ್ಕರೆ ಎದೆಯುರಿಯೇನೂ ಕಮ್ಮಿಯಾಗುವುದಿಲ್ಲ. ಆದರೆ ರಾತ್ರಿ ಬೇಗ ಕಳೆಯುತ್ತದೆ.

ಅಂಥ ಜೊತೆಯನ್ನು ಅದೃಷ್ಟಕ್ಕೆ ಬಿಡದೆ ನಾವೇ ಕಟ್ಟಿಕೊಳ್ಳಬಹುದು. ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಹೆರಿಗೆ ಇರುವ ಆರೇಳು ಜನ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸೇರುವುದು. ಇಷ್ಟೇ. ಅದನ್ನು ಶುರು ಮಾಡುವುದರಿಂದ ಹಿಡಿದು ಹೆರಿಗೆಯಾದ ಮೇಲಿನ ಕೆಲವು ವಾರಗಳವರೆಗೆ ಏನೇನು ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ. ಎಲ್ಲಕ್ಕೂ ಮೊದಲು ಒಂದು ಮಾತು: ಗುಂಪು ಇರುವುದು ಭಾರ ಹಂಚಿಕೊಳ್ಳುವುದಕ್ಕೆ, ವೈದ್ಯ ಮಾಡುವುದಕ್ಕಲ್ಲ. ಈ ಗೆರೆ ದಾಟಿದ ಗುಂಪಿನಿಂದ ಉಪಕಾರಕ್ಕಿಂತ ಅಪಾಯವೇ ಜಾಸ್ತಿ.

"ಸುಮ್ನೆ ಹರಟೆ" ಎಂದು ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಅವರಿಗೆ ಮಕವಾನ್‌ಪುರದ ಕತೆ ಹೇಳಿ. ನೇಪಾಳದ ಆ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ತಿಂಗಳಿಗೊಮ್ಮೆ ಸೇರಿ ಬಸಿರು, ಹೆರಿಗೆ, ಹಸುಗೂಸಿನ ತೊಂದರೆಗಳ ಬಗ್ಗೆ ಮಾತಾಡಿಕೊಂಡರು. ಏನು ಮಾಡಬಹುದು ಅಂತ ತಾವೇ ಕೂತು ದಾರಿ ಹುಡುಕಿದರು. ಗುಂಪು ನಡೆಸುತ್ತಿದ್ದವರು ಅಲ್ಲಿಯದೇ ಹೆಂಗಸರು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಗುಂಪುಗಳಿದ್ದ ಕಡೆ ಹಸುಗೂಸುಗಳ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಆಸ್ಪತ್ರೆ ಸೌಲಭ್ಯ ಕಮ್ಮಿ ಇರುವ ಹಳ್ಳಿಗಾಡಿಗೆ ಇಂಥ ಗುಂಪುಗಳು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಶಿಫಾರಸು ಮಾಡಿತು. ಹರಟೆಯೇ ಇರಬಹುದು, ಆದರೆ ಕೆಲಸಕ್ಕೆ ಬರುವ ಹರಟೆ.

ಹೆಜ್ಜೆ 1: ಜನ ಹುಡುಕಿ, ಆದರೆ ಜಾಸ್ತಿ ಬೇಡ

ಚೆಕಪ್‌ಗೆ ಹೋದಾಗ ಕಾಯುವ ಬೆಂಚು ಇದೆಯಲ್ಲ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಗಂಟೆಗಟ್ಟಲೆ ಕೂತವರೆಲ್ಲ ಫೋನ್ ನೋಡುತ್ತಿರುತ್ತಾರೆ, ಯಾರಾದರೂ ಮೊದಲು ಮಾತಾಡಲಿ ಅಂತ ಒಳಗೊಳಗೇ ಕಾಯುತ್ತಲೂ ಇರುತ್ತಾರೆ. "ನಿಮಗೆ ಎಷ್ಟನೇ ತಿಂಗಳು?" ಎಂಬ ಒಂದು ಪ್ರಶ್ನೆ ಸಾಕು. ಹೆರಿಗೆ ತಯಾರಿಯ ತರಗತಿ, ಕೆಲಸದ ಜಾಗ, ಅಕ್ಕಪಕ್ಕದ ಮನೆ, ಎಲ್ಲಿ ಸಿಕ್ಕರೂ ಸರಿ.

ಹೆರಿಗೆಯ ಡೇಟ್‌ಗಳ ನಡುವೆ ಆರೆಂಟು ವಾರಕ್ಕಿಂತ ಹೆಚ್ಚು ಅಂತರ ಇಲ್ಲದಿದ್ದರೆ ಒಳ್ಳೆಯದು. ಒಬ್ಬಳಿಗೆ ವಾಕರಿಕೆ, ಇನ್ನೊಬ್ಬಳಿಗೆ ಇವತ್ತೋ ನಾಳೆಯೋ ಹೆರಿಗೆ ಅಂದರೆ ಇಬ್ಬರ ಮಾತೂ ಒಂದಕ್ಕೊಂದು ತಾಗುವುದಿಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಗುಂಪು ತಪಾಸಣೆಯ ಪದ್ಧತಿಯಲ್ಲೂ ಹೀಗೇ, ಡೇಟ್ ಹತ್ತಿರಹತ್ತಿರ ಇರುವ ಎಂಟರಿಂದ ಹನ್ನೆರಡು ಜನರನ್ನು ಒಟ್ಟಿಗೆ ಕೂರಿಸುತ್ತಾರೆ. ಅಲ್ಲಿ ನಡೆಸಿಕೊಡಲು ನುರಿತವರು ಇರುತ್ತಾರೆ. ನಮಗೆ ನಾವೇ ಆದ್ದರಿಂದ ಆರೇಳು ಜನ ಸಾಕು. ಇಪ್ಪತ್ತು ಜನ ಆದರೆ ನಾಲ್ವರು ಮಾತಾಡುತ್ತಾರೆ, ಉಳಿದವರು ಬರೀ ಕೇಳಿಸಿಕೊಳ್ಳುತ್ತಾರೆ.

ಎರಡನೇ ಮಗುವಿನ ಬಸುರಿ ಒಬ್ಬಳಾದರೂ ಇರಲಿ. ಅವಳಿಗೆ ಎಲ್ಲ ಗೊತ್ತಿರುತ್ತದೆ ಅಂತಲ್ಲ. ಒಂದು ಸಲ ಇದನ್ನೆಲ್ಲ ದಾಟಿ ಬಂದವಳು ಎದುರಿಗೆ ಕೂತಿದ್ದರೆ ಚೊಚ್ಚಲ ಬಸುರಿಯರಿಗೆ ಧೈರ್ಯ. ಹಾಗೆಯೇ ಗಂಡ ದೂರದಲ್ಲಿರುವವಳು, ಒಂಟಿಯಾಗಿ ಇದನ್ನು ನಿಭಾಯಿಸುತ್ತಿರುವವಳು, ಊರಿಗೆ ಹೊಸದಾಗಿ ಬಂದವಳು ಕಂಡರೆ ನೀವಾಗೇ ಕರೆಯಿರಿ. ಗುಂಪು ಜಾಸ್ತಿ ಬೇಕಾದವರು ತಾವಾಗಿ ಬರುವುದು ಕಮ್ಮಿ.

ಯಾವಾಗ ಶುರು ಮಾಡಬೇಕು? ತುಂಬ ಜನ ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೇಳುವುದಿಲ್ಲ. ಅದು ಅವರವರ ಇಷ್ಟ. ಆದರೆ ವಾಕರಿಕೆ, ಸುಸ್ತು, ಭಯ ಎಲ್ಲ ಜೋರಾಗಿರುವುದೂ ಆ ಮೂರು ತಿಂಗಳಲ್ಲೇ. ಹಾಗಾಗಿ ಮೊದಲು ಒಬ್ಬರೋ ಇಬ್ಬರೋ ನಂಬಿಕಸ್ಥರ ಜೊತೆ ಶುರು ಮಾಡಿ, ಗುಂಪು ಆಮೇಲೆ ಬೆಳೆಯಲಿ.

ಹೆಜ್ಜೆ 2: ಮೊದಲ ಭೇಟಿಯಲ್ಲೇ ನಾಲ್ಕು ಕಟ್ಟಳೆ

ಸ್ನೇಹದ ನಡುವೆ ಕಟ್ಟಳೆ ಯಾಕೆ ಅನಿಸಬಹುದು. ಜಗಳ ಆದಮೇಲೆ ಮಾಡುವ ಕಟ್ಟಳೆ ಯಾರ ಮೇಲೋ ಬೆರಳು ತೋರಿಸಿದ ಹಾಗಿರುತ್ತದೆ. ಮೊದಲೇ ಮಾತಾಡಿಕೊಂಡರೆ ಯಾರಿಗೂ ಬೇಜಾರಿಲ್ಲ.

ಇಲ್ಲಿ ಆಡಿದ ಮಾತು ಇಲ್ಲೇ ಉಳಿಯಬೇಕು, ಗಂಡಂದಿರ ಕಿವಿಗೂ ಹೋಗಬಾರದು. ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಹಾಕುವಾಗ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್ ಇರುವ ಮೇಲ್ಭಾಗವನ್ನು ಕತ್ತರಿಸಿ ಹಾಕಿ. ಬೇರೆಯವರ ಸುದ್ದಿಯನ್ನು ಅವರೇ ಹೇಳುವವರೆಗೆ ನೀವು ಹೇಳಬೇಡಿ.

ಎರಡನೆಯದು ಎಲ್ಲಕ್ಕಿಂತ ಮುಖ್ಯ. "ನೀನು ಹೀಗೆ ಮಾಡು" ಅನ್ನುವ ಬದಲು "ನನಗೆ ಹೀಗಾಯಿತು, ಡಾಕ್ಟರ್ ನನಗೆ ಹೀಗಂದರು" ಅನ್ನಿ. ಮಾತಿನಲ್ಲಿ ಸಣ್ಣ ವ್ಯತ್ಯಾಸ, ಆದರೆ ಕೇಳುವವಳಿಗೆ ಯೋಚಿಸಲು ಜಾಗ ಸಿಗುತ್ತದೆ. ಮಾತ್ರೆಯನ್ನಂತೂ ಯಾವ ಕಾರಣಕ್ಕೂ ಹಂಚಿಕೊಳ್ಳಬಾರದು. ನಿಮ್ಮ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ವಾಕರಿಕೆಯ ಮಾತ್ರೆ ನಿಮ್ಮನ್ನು ಪರೀಕ್ಷಿಸಿ ಬರೆದದ್ದು, ಪಕ್ಕದವಳನ್ನಲ್ಲ.

ಮೂರನೆಯದು, ಹೋಲಿಕೆ ಬೇಡ. "ನಿನ್ನ ಹೊಟ್ಟೆ ಚಿಕ್ಕದಲ್ವಾ?" ಎಂಬ ಒಂದು ಮಾತು ಒಬ್ಬಳ ಮೂರು ದಿನದ ನಿದ್ದೆ ಕೆಡಿಸುತ್ತದೆ. ಹೊಟ್ಟೆ ಎಷ್ಟು ಕಾಣುತ್ತದೆ ಎನ್ನುವುದು ಎತ್ತರ, ಮೈಕಟ್ಟು, ಹೊಟ್ಟೆಯ ಸ್ನಾಯುಗಳ ಬಿಗಿ, ಮಗು ಮಲಗಿರುವ ರೀತಿ, ಎಲ್ಲದರ ಮೇಲೂ ನಿಂತಿದೆ. ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ಅಳತೆ ಟೇಪು ಮತ್ತು ಸ್ಕ್ಯಾನಿಂಗ್ ಹೇಳಲಿ.

ಕೊನೆಯದು: ಫೋನಿನ ಗುಂಪಿನಲ್ಲಿ ಯಾರೂ ಉತ್ತರ ಕೊಡಲೇಬೇಕು ಎಂದಿಲ್ಲ. ಹೆದರಿಸುವ ಫಾರ್ವರ್ಡ್‌ಗಳು, ಏನಾದರೂ ಮಾರುವುದು, ಎರಡೂ ಬಂದ್.

ಹೆಜ್ಜೆ 3: ಯಾವ ತಿಂಗಳಲ್ಲಿ ಏನು ಉಪಯೋಗಕ್ಕೆ ಬರುತ್ತದೆ

ಮೊದಲ ಮೂರು ತಿಂಗಳು. ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಶುರುವಾಗಿ, ಹೆಚ್ಚಿನವರಿಗೆ 16ರಿಂದ 20ನೇ ವಾರದೊಳಗೆ ತಗ್ಗುತ್ತದೆ. ಬೆಳಗ್ಗೆ ಮಾತ್ರ ಬರುತ್ತದೆ ಅನ್ನುವುದು ಸುಳ್ಳು, ಇಡೀ ದಿನ ಕಾಡಬಹುದು. ಹೊಟ್ಟೆ ಪೂರ್ತಿ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ಪದೇ ಪದೇ ತಿನ್ನುವುದು, ಏಳುವ ಮೊದಲು ಒಣಗಿದ್ದು ಏನಾದರೂ ಬಾಯಿಗೆ ಹಾಕಿಕೊಳ್ಳುವುದು, ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು ಹಲವರಿಗೆ ಆಗಿ ಬರುತ್ತದೆ. ಈ ಹಂತದಲ್ಲಿ ಗೆಳತಿಯರು ಮಾಡಬಹುದಾದ ದೊಡ್ಡ ಸಹಾಯ ಅಡುಗೆಯ ವಾಸನೆಯಿಂದ ಅವಳನ್ನು ದೂರ ಇಡುವುದು. ಒಗ್ಗರಣೆಯ ವಾಸನೆಗೇ ಓಡುವವಳಿಗೆ ಒಂದು ಹೊತ್ತಿನ ಊಟ ಮನೆಗೆ ಬಂದರೆ ಅದೇ ದೊಡ್ಡ ಉಪಕಾರ. ಆದರೆ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಗಾಢ ಹಳದಿಯಾದರೆ, ತೂಕ ಇಳಿಯುತ್ತಿದ್ದರೆ "ಎಲ್ಲರಿಗೂ ಆಗುತ್ತೆ ಬಿಡು" ಅನ್ನಬೇಡಿ. ಅದಕ್ಕೆ ಆಸ್ಪತ್ರೆಯ ಚಿಕಿತ್ಸೆ ಬೇಕು.

ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಎಲ್ಲ ಗುಂಪಿನಲ್ಲೂ ಏಳುವ ಮಾತು ಮಲಬದ್ಧತೆ. ನಾಚಿಕೆ ಬಿಟ್ಟು ಮಾತಾಡಿ, ಎಲ್ಲರಿಗೂ ಅದೇ ಗೋಳು. ನೀರು, ನಾರು ಜಾಸ್ತಿ ಇರುವ ತರಕಾರಿ ಹಣ್ಣು, ದಿನಾ ನಡಿಗೆ ಇದ್ದರೆ ಸ್ವಲ್ಪ ಸಡಿಲವಾಗುತ್ತದೆ. ಮಲ ಕಪ್ಪಗಾಗುವುದು ಮಾತ್ರೆಯಿಂದಲೇ, ಹೆದರಬೇಕಿಲ್ಲ. ಮಾತ್ರೆಯ ಜೊತೆಜೊತೆಗೇ ಟೀ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಒಂದೆರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗಬೇಕು. ಹಿಡಿಸುವುದೇ ಇಲ್ಲ ಅಂದರೆ ನಿಲ್ಲಿಸಬೇಡಿ, ಬೇರೆ ಬಗೆಯದು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಗುಟ್ಟಾಗಿ ನಿಲ್ಲಿಸಿ ಯಾರಿಗೂ ಹೇಳದಿರುವವರು ತುಂಬ. ಅದನ್ನು ಬಾಯಿಬಿಡಿಸುವ ಕೆಲಸ ಡಾಕ್ಟರಿಗಿಂತ ಗೆಳತಿಗೆ ಸುಲಭ.

ನಡುವಿನ ತಿಂಗಳುಗಳು ಎಲ್ಲರಿಗೂ ಸ್ವಲ್ಪ ಹಗುರ. ಒಟ್ಟಿಗೆ ನಡೆಯಲು ಹೋಗುವ ಅಭ್ಯಾಸ ಹಚ್ಚಿಕೊಳ್ಳಲು ಇದೇ ಸಮಯ. ಡಾಕ್ಟರ್ ಬೇಡ ಅನ್ನದಿದ್ದರೆ ವಾರಕ್ಕೆ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಒಳ್ಳೆಯದು. ನಡೆಯುತ್ತಾ ಮಾತಾಡಲು ಆಗಬೇಕು; ಏದುಸಿರು ಬಂದು ಮಾತು ನಿಂತರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಗುಂಪಿನಲ್ಲಿ ನಡೆದರೆ ಈ ಪರೀಕ್ಷೆ ತಾನಾಗಿ ಆಗುತ್ತದೆ, ನಮ್ಮ ಬಾಯಿ ಸುಮ್ಮನೆ ಇರುವುದಿಲ್ಲವಲ್ಲ. ಸಕ್ಕರೆ ಪರೀಕ್ಷೆ ಸಾಮಾನ್ಯವಾಗಿ 24ರಿಂದ 28ನೇ ವಾರದ ನಡುವೆ ಬರುತ್ತದೆ. ಗ್ಲೂಕೋಸ್ ಕುಡಿದು ಕಾದು ಕೂರಬೇಕಾದ ಪರೀಕ್ಷೆ ಅದು. ಇಬ್ಬರು ಒಂದೇ ದಿನ ಬರೆಸಿಕೊಂಡರೆ ಕಾಯುವುದು ಸುಲಭ.

ಮಗುವಿನ ಮೊದಲ ಅಲುಗಾಟ 16ರಿಂದ 24ನೇ ವಾರದೊಳಗೆ ಯಾವಾಗ ಬೇಕಾದರೂ ಗೊತ್ತಾಗಬಹುದು. ಚೊಚ್ಚಲಿನವರಿಗೆ 20 ದಾಟುವುದು ಸಾಮಾನ್ಯ. ಗುಂಪಿನಲ್ಲಿ ಒಬ್ಬಳು "ಒದೆಯಿತು!" ಎಂದ ದಿನ ಉಳಿದವರು ಹೊಟ್ಟೆ ಹಿಡಿದುಕೊಂಡು ಕೂರುವುದು ಬೇಡ. 24 ವಾರವಾದರೂ ಏನೂ ಗೊತ್ತಾಗದಿದ್ದರೆ ಹೋಗಿ ತೋರಿಸಿ.

ಕೊನೆಯ ತಿಂಗಳುಗಳಲ್ಲಿ ನಿದ್ದೆಯದೇ ರಗಳೆ. 28ನೇ ವಾರದಿಂದ ಮಗ್ಗುಲಾಗಿ ಮಲಗುವುದು ಒಳ್ಳೆಯದು, ಎಡವಾದರೂ ಸರಿ ಬಲವಾದರೂ ಸರಿ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹೊರಳಿ ಮಲಗಿ. ಎದೆಯುರಿಗೆ ತಲೆಯ ಕಡೆ ಎತ್ತರಿಸುವುದು, ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸುವುದು. ದಿಂಬುಗಳನ್ನು ಹೇಗೆಲ್ಲ ಜೋಡಿಸಬಹುದು ಎಂಬುದರಲ್ಲಿ ಬಸುರಿಯರು ಎಂಜಿನಿಯರುಗಳನ್ನು ಮೀರಿಸುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಡಿ.

ಹೆಜ್ಜೆ 4: ಸಹಾಯಕ್ಕೆ ದಿನ, ಹೊತ್ತು, ಹೆಸರು ಇರಲಿ

"ಏನಾದರೂ ಬೇಕಾದರೆ ಹೇಳು." ಒಳ್ಳೆಯ ಮನಸ್ಸಿನ ಮಾತೇ, ಆದರೆ ಅದಕ್ಕೆ ಉತ್ತರ ಯಾವಾಗಲೂ "ಏನೂ ಬೇಡ" ಎಂದೇ ಬರುತ್ತದೆ. ಬದಲಿಗೆ "ಗುರುವಾರದ ಚೆಕಪ್‌ಗೆ ನಾನೂ ಬರ್ತೀನಿ", "ಶನಿವಾರ ಮಧ್ಯಾಹ್ನ ನಿನ್ನ ದೊಡ್ಡ ಮಗೂನ ನಮ್ಮನೇಲಿ ಬಿಡು" ಅಂದರೆ ಅವಳು ಹೂಂ ಅಂದರೆ ಮುಗಿಯಿತು. ಕೇಳುವವರಿಗೂ ಇದೇ ಮಾತು. "ನಂಗೆ ಯಾಕೋ ಕಷ್ಟ ಆಗ್ತಿದೆ" ಅಂದರೆ ಎದುರಿನವರಿಗೆ ಕೈ ಎಲ್ಲಿ ಹಾಕಬೇಕೋ ತಿಳಿಯುವುದಿಲ್ಲ. "ಇವತ್ತು ಸಂಜೆ ಒಂದು ಗಂಟೆ ಬಂದು ನನ್ನ ಜೊತೆ ಕೂರ್ತೀಯಾ?" ಎಂದು ಕೇಳಿ.

ಎಲ್ಲರೂ ಬಸುರಿಯರೇ ಆದ್ದರಿಂದ ಭಾರ ಎತ್ತುವ, ಗಂಟೆಗಟ್ಟಲೆ ನಿಲ್ಲುವ ಕೆಲಸ ಯಾರಿಂದಲೂ ಆಗದು. ಅದು ಮನೆಯ ಗಂಡಸರಿಗೆ ಇರಲಿ, ಅವರದೂ ಒಂದು ಫೋನ್ ಗುಂಪು ಇದ್ದರೆ ಇನ್ನೂ ಒಳ್ಳೆಯದು. ನಾವು ಹಂಚಿಕೊಳ್ಳಬಹುದಾದದ್ದು ಬೇರೆ ಇದೆ. ಸಡಿಲ ಬಟ್ಟೆಗಳನ್ನು ಕೈಯಿಂದ ಕೈಗೆ ಸಾಗಿಸಬಹುದು, ಕೆಲವೇ ತಿಂಗಳ ಬಟ್ಟೆಗೆ ಎಲ್ಲರೂ ದುಡ್ಡು ಸುರಿಯಬೇಕಿಲ್ಲ. ರಜೆಯ ಅರ್ಜಿ, ವಿಮೆಯ ಕಾಗದ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಿ ತುಂಬಬಹುದು.

ಚೆಕಪ್‌ಗೆ ಜೊತೆಯಾಗಿ ಹೋಗುವುದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಬಸಿರಿನಲ್ಲಿ ಕನಿಷ್ಠ ಎಂಟು ಸಲವಾದರೂ ತಪಾಸಣೆ ಆಗಬೇಕು, ಮೊದಲನೆಯದು 12 ವಾರದೊಳಗೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಎಂಟು ಸಲವೂ ಒಬ್ಬಳೇ ಹೋಗುವವಳು ಒಂದೆರಡನ್ನು ತಪ್ಪಿಸಿಯೇ ತಪ್ಪಿಸುತ್ತಾಳೆ. ಹಿಂದಿನ ದಿನ ಗುಂಪಿನಲ್ಲಿ ಕೂತು ಮೂರು ಪ್ರಶ್ನೆ ಬರೆದುಕೊಳ್ಳಿ. ಒಳಗೆ ಹೋದಾಗ ಎಲ್ಲ ಮರೆಯುತ್ತದೆ, ಡಾಕ್ಟರಿಗೂ ಆತುರ. ಜೊತೆಗೆ ಬಂದವಳು ಉತ್ತರಗಳನ್ನು ಬರೆದುಕೊಂಡರೆ ಮನೆಗೆ ಬಂದು "ಏನಂದ್ರು?" ಎಂದು ಕೇಳುವವರಿಗೆ ಅರ್ಧಂಬರ್ಧ ಹೇಳುವ ಪಾಡಿಲ್ಲ.

ಹೆಜ್ಜೆ 5: ಮಾತು ನಿಲ್ಲಿಸಿ ಆಸ್ಪತ್ರೆಗೆ ಹೊರಡುವುದು ಯಾವಾಗ

ಇದನ್ನು ಬರೆದು ಎಲ್ಲರ ಫೋನಿನಲ್ಲೂ ಇಟ್ಟುಕೊಳ್ಳಿ. ಕೆಳಗಿನ ಯಾವುದಾದರೂ ಒಂದನ್ನು ಯಾರಾದರೂ ಹೇಳಿದರೆ ಗುಂಪಿನ ಉತ್ತರ ಒಂದೇ ಆಗಿರಬೇಕು: "ಈಗಲೇ ಹೋಗು, ಜೊತೆಗೆ ಯಾರು ಬರಲಿ?"

– ರಕ್ತ ಹೋಗುವುದು, ಅಥವಾ ನೀರು ಹೋಗುವುದು
– ಮಗುವಿನ ಓಡಾಟ ಎಂದಿಗಿಂತ ಕಮ್ಮಿಯಾಗುವುದು, ನಿಲ್ಲುವುದು
– ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚು
– ಪಕ್ಕೆಲುಬಿನ ಕೆಳಗೆ ಜೋರು ನೋವು. ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು
– 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ
– ಉಸಿರಾಟದ ತೊಂದರೆ, ಎದೆನೋವು, ಫಿಟ್ಸ್
– ಒಂದೇ ಕಾಲಿನಲ್ಲಿ ಊತ ಮತ್ತು ನೋವು
– 37 ವಾರಕ್ಕೆ ಮೊದಲೇ ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು

ಎರಡು ವಿಷಯ ಬಿಡಿಸಿ ಹೇಳಬೇಕು. ತಲೆನೋವು, ಕಣ್ಣು ಮಂಜು, ಊತ ಇವು 20 ವಾರದ ನಂತರ ಬರುವ ಪ್ರಿಎಕ್ಲಾಂಪ್ಸಿಯಾದ, ಅಂದರೆ ಬಸಿರಿನಲ್ಲಿ ಬಿಪಿ ಏರುವ ಅಪಾಯಕಾರಿ ಕಾಯಿಲೆಯ, ಲಕ್ಷಣ ಇರಬಹುದು. ಬಿಪಿ 140/90 ಮುಟ್ಟಿದರೂ ಎಷ್ಟೋ ಸಲ ಮೈಗೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಪ್ರತಿ ಚೆಕಪ್‌ನಲ್ಲೂ ಬಿಪಿ ನೋಡುವುದು, ಮೂತ್ರ ಪರೀಕ್ಷಿಸುವುದು. ಇನ್ನೊಂದು, "ದಿನ ಹತ್ತಿರ ಬಂತು, ಒಳಗೆ ಜಾಗ ಇಲ್ಲ, ಅದಕ್ಕೇ ಮಗು ಸುಮ್ಮನಿದೆ" ಎಂಬ ಮಾತು. ಇದನ್ನು ಹಿರಿಯರೂ ಹೇಳುತ್ತಾರೆ, ಗೆಳತಿಯರೂ ಹೇಳುತ್ತಾರೆ. ಇದು ತಪ್ಪು. ಅಲುಗಾಟದ ಬಗೆ ಬದಲಾಗಬಹುದು, ಆದರೆ ಹೆರಿಗೆಯ ದಿನದವರೆಗೂ ಓಡಾಟ ಕಡಿಮೆಯಾಗಬಾರದು. ನಾಳೆ ಬೆಳಗ್ಗೆ ನೋಡೋಣ ಅನ್ನದೆ ಅದೇ ದಿನ, ಅದೇ ಹೊತ್ತು ಹೋಗಿ. ಎಲ್ಲ ಸರಿ ಇದೆ ಅಂತ ವಾಪಸ್ ಕಳಿಸಿದರೆ ನಾಚಿಕೆಪಡುವಂಥದ್ದು ಏನಿದೆ?

ಹೆಜ್ಜೆ 6: ಒಬ್ಬಳ ಮಗು ಉಳಿಯದೆ ಹೋದಾಗ

ಆರೇಳು ಜನರ ಗುಂಪಿನಲ್ಲಿ ಇದು ಆಗಬಹುದು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ, ಅದರಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಹಾಗಾಗಿ ಏನು ಮಾಡುತ್ತೀರಿ ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ, ಆಮೇಲೆ ಯಾರಿಗೂ ಬುದ್ಧಿ ಓಡುವುದಿಲ್ಲ.

ಹೆಚ್ಚಿನ ಗುಂಪುಗಳು ಮಾಡುವುದು ಏನು ಗೊತ್ತಾ? ಅವಳಿಗೆ ನೋವಾಗಬಾರದು ಅಂತ ಸುಮ್ಮನಾಗುತ್ತವೆ. ಅವಳಿಗದು ಎರಡನೇ ಪೆಟ್ಟು. ಒಬ್ಬಳು ಗೆಳತಿ, ಅವಳಿಗೆ ಹತ್ತಿರವಾದವಳು, ಹೋಗಿ ಮಾತಾಡಲಿ. "ಕೇಳಿ ತುಂಬ ಸಂಕಟ ಆಯಿತು, ನಾನಿದ್ದೀನಿ" ಅಷ್ಟೇ ಸಾಕು. "ಇನ್ನೂ ವಯಸ್ಸಿದೆ", "ಬೇಗ ಆಗಿದ್ದೇ ಒಳ್ಳೇದಾಯ್ತು", "ಇನ್ನೊಂದು ಆಗತ್ತೆ ಬಿಡು" ಇವನ್ನು ಬಾಯಿಗೆ ತರಬೇಡಿ. "ನೀನು ಭಾರ ಎತ್ತಿದ್ಯಾ?" ಎಂಬ ಪ್ರಶ್ನೆಯನ್ನಂತೂ ಯಾರೂ ಕೇಳಬಾರದು. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರುವುದಕ್ಕೆ ಬಹಳ ಸಲ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿರುವ ದೋಷ. ಅವಳು ಮೆಟ್ಟಿಲು ಹತ್ತಿದ್ದಲ್ಲ, ಆಫೀಸಿಗೆ ಹೋಗಿದ್ದಲ್ಲ.

ಗುಂಪಿನಲ್ಲಿ ಉಳಿಯಬೇಕೋ, ಸ್ವಲ್ಪ ದಿನ ದೂರ ಇರಬೇಕೋ, ಬಿಡಬೇಕೋ, ಅದು ಅವಳ ತೀರ್ಮಾನ. ಕೇಳದೆ ಫೋನಿನ ಗುಂಪಿನಿಂದ ಅವಳ ಹೆಸರು ತೆಗೆಯಬೇಡಿ. ಅವಳು ದೂರ ಉಳಿದರೆ ಅವಳಿಗೆ ಕೊಟ್ಟಿದ್ದ ಡೇಟ್ ನೆನಪಿಟ್ಟುಕೊಳ್ಳಿ. ಆ ವಾರ ಅವಳಿಗೆ ಕಷ್ಟ ಇರುತ್ತದೆ, ಒಂದು ಫೋನ್ ಮಾಡಿ.

ಹೆಜ್ಜೆ 7: ಮನಸ್ಸಿನ ಕಡೆಗೂ ಒಂದು ಕಣ್ಣು

ಜಗತ್ತಿನಲ್ಲಿ ಗರ್ಭಿಣಿಯರ ಪೈಕಿ ಸುಮಾರು ಶೇ 10ರಷ್ಟು, ಹೆತ್ತವರಲ್ಲಿ ಸುಮಾರು ಶೇ 13ರಷ್ಟು ಮಂದಿಗೆ ಮಾನಸಿಕ ತೊಂದರೆ ಆಗುತ್ತದೆ, ಹೆಚ್ಚಾಗಿ ಖಿನ್ನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಿಮ್ಮ ಗುಂಪಿನಲ್ಲೂ ಒಬ್ಬಳು ಇರಬಹುದು, ಅವಳೇ ಎಲ್ಲರಿಗಿಂತ ಜೋರಾಗಿ ನಗುವವಳೂ ಆಗಿರಬಹುದು. ಪ್ರತಿ ಭೇಟಿಯ ಶುರುವಿನಲ್ಲಿ ಒಬ್ಬೊಬ್ಬರೂ ಒಂದೆರಡು ನಿಮಿಷ ಈ ವಾರ ಹೇಗಿತ್ತು ಅಂತ ಹೇಳಲಿ, ನಡುವೆ ಯಾರೂ ಬಾಯಿ ಹಾಕಬೇಡಿ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ತಾನು ಕೆಲಸಕ್ಕೆ ಬಾರದವಳು ಅನಿಸುತ್ತದೆ ಎಂದರೆ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಹೋಗಬೇಕು. ಹೊಡೆತ, ಬೈಗುಳ, ಹೆದರಿಕೆ ಇರುವ ಮನೆಯ ವಿಷಯ ಕಿವಿಗೆ ಬಿದ್ದರೆ ಅದನ್ನು ಫೋನಿನ ಗುಂಪಿನಲ್ಲಿ ಬರೆಯಬೇಡಿ. ಅವಳ ಫೋನನ್ನು ಬೇರೆಯವರೂ ನೋಡುತ್ತಿರಬಹುದು.

ಹೆಜ್ಜೆ 8: ಹೆರಿಗೆ, ಆಮೇಲೆ

ಡಾಕ್ಟರ್ ಕೊಟ್ಟ ಡೇಟ್ ಬರೀ ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಡೇಟ್ ದಾಟಿದವಳಿಗೆ ದಿನಾ "ಆಯ್ತಾ? ಇನ್ನೂ ಇಲ್ವಾ?" ಎಂದು ಮೆಸೇಜ್ ಹಾಕಬೇಡಿ. ಸುದ್ದಿ ಅವಳಾಗಿ ಹೇಳಲಿ.

36ನೇ ವಾರದ ಹೊತ್ತಿಗೆ ಒಬ್ಬೊಬ್ಬರದೂ ಒಂದು ಪಟ್ಟಿ ಸಿದ್ಧ ಇರಲಿ: ರಾತ್ರಿ ನೋವು ಬಂದರೆ ಗಾಡಿ ಯಾರದು, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು, ಆಸ್ಪತ್ರೆಯಲ್ಲಿ ಜೊತೆಗೆ ಇರುವವರು ಯಾರು. ಅವರು ಸಿಗದಿದ್ದರೆ ಎರಡನೆಯವರ ಹೆಸರೂ ಇರಬೇಕು. ಹೆರಿಗೆಯ ಉದ್ದಕ್ಕೂ ತನಗೆ ಬೇಕಾದವರೊಬ್ಬರು ಪಕ್ಕದಲ್ಲಿ ಇದ್ದರೆ ಹೆರಿಗೆ ಬೇಗ ಆಗುವ, ಸಿಸೇರಿಯನ್ ತಪ್ಪುವ ಸಾಧ್ಯತೆ ಸ್ವಲ್ಪ ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಆಸ್ಪತ್ರೆಯಲ್ಲಿ ಒಳಗೆ ಬಿಡುತ್ತಾರಾ ಎಂದು ಮುಂಚೆಯೇ ಕೇಳಿ. ನೋವು ಯಾವ ಹಂತದಲ್ಲಿದ್ದಾಗ ಹೊರಡಬೇಕು ಎಂಬುದನ್ನೂ ಅಲ್ಲೇ ಕೇಳಿ. ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ಇರುವ ನೋವು ಒಂದು ಗಂಟೆ ಹಾಗೇ ನಡೆದರೆ ಹೊರಡಿ ಅನ್ನುವುದು ಸಾಮಾನ್ಯ ಲೆಕ್ಕ. ಮನೆ ದೂರ ಇದ್ದರೆ, ಎರಡನೇ ಹೆರಿಗೆಯಾದರೆ ಅದಕ್ಕೂ ಮೊದಲೇ ಹೊರಡಬೇಕು.

ನಾರ್ಮಲ್ಲಾ ಸಿಸೇರಿಯನ್ನಾ ಎಂಬ ಪ್ರಶ್ನೆಯಿಂದ ಮಾತು ಶುರು ಮಾಡಬೇಡಿ. "ನೀನು ಹೇಗಿದ್ದೀಯಾ?" ಎಂದು ಮೊದಲು ಕೇಳಿ, ಮಗುವನ್ನು ಎಲ್ಲರೂ ಕೇಳುತ್ತಾರೆ. ನೋಡಲು ಹೋದರೆ ಅರ್ಧ ಗಂಟೆ ಸಾಕು, ಕೈ ತೊಳೆದು ಒಳಗೆ ಹೋಗಿ, ನೆಗಡಿ ಇದ್ದರೆ ಹೋಗಲೇಬೇಡಿ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಅದರ ನಡುವೆ ಅವಳಿಗೆ ಸಿಗುವ ನಿದ್ದೆಯನ್ನು ನೀವು ತಿನ್ನಬಾರದು. ಹೆತ್ತ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಹೆಜ್ಜೆ 7ರಲ್ಲಿ ಹೇಳಿದ್ದೇ ಇಲ್ಲಿಗೂ. ಹಾಗೆಯೇ ಬಿಡದ ತಲೆನೋವು, ಜ್ವರ, ಒಂದೇ ಗಂಟೆಯಲ್ಲಿ ಪ್ಯಾಡ್ ತೊಯ್ದು ಹೋಗುವಷ್ಟು ರಕ್ತ, ಇವು ಬಾಣಂತಿಗೂ ಅಪಾಯವೇ.

ಗುಂಪುಗಳು ಒಡೆಯುವುದು ಜಗಳದಿಂದಲ್ಲ, ಹೆರಿಗೆಗಳಿಂದ. ಒಬ್ಬೊಬ್ಬಳೂ ಮಗುವಿನೊಳಗೆ ಮುಳುಗುತ್ತಾಳೆ, ಕೊನೆಗೆ ಹೆರುವವಳಿಗೆ ಜೊತೆಗೆ ಯಾರೂ ಇರುವುದಿಲ್ಲ. ಹಾಗಾಗಿ ಎಲ್ಲರಿಗಿಂತ ಮೊದಲು ಹೆತ್ತವಳಿಗೆ ಒಂದು ಕೆಲಸ ಒಪ್ಪಿಸಿ: ಕೊನೆಯವಳ ಹೆರಿಗೆಯ ಹೊತ್ತಿಗೆ ಅವಳ ಮಗುವಿಗೆ ಒಂದೆರಡು ತಿಂಗಳು ಆಗಿರುತ್ತದೆ, ಫೋನ್ ಎತ್ತಿಕೊಳ್ಳುವ ಸರದಿ ಅವಳದು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಸೇರುವ ಮೊದಲ ದಿನವನ್ನು ಬಸುರಿಯರಾಗಿದ್ದಾಗಲೇ ಗೊತ್ತುಮಾಡಿ, ಕೊನೆಯ ಡೇಟ್ ಕಳೆದು ಆರು ವಾರ ಆದ ಮೇಲಿನ ಒಂದು ದಿನ. ಬೆಳಗ್ಗೆ ಹನ್ನೊಂದು ಎಂದು ಬರೆದುಕೊಳ್ಳಿ, ಹನ್ನೆರಡೂವರೆಗೆ ಬಂದವರನ್ನು ಯಾರೂ ಬೈಯಬೇಡಿ.